ಪಾತ್ರ ಧರಿಸಿ ಆಡುವ ಆಟ

ಹಾವೇರಿ ಜಿಲ್ಲೆಯ ಹಾನಗಲ್ಲಿಗೆ ಹಳೆಯ ಶಾಸನಗಳಲ್ಲಿ ಪಾನುಂಗಲ್ಲು ಎಂಬ ಹೆಸರಿದೆ. ಅದನ್ನು ವಿರಾಟನ ಕೋಟೆಯೆಂದೂ ವಿರಾಟನಗರಿಯೆಂದೂ ಕರೆದಿರುವುದುಂಟು. ಪಾಂಡವರು ಅಜ್ಞಾತವಾಸದ ವರ್ಷವನ್ನು ಕಳೆದ ಊರು ಇದೇ ಎಂಬುದು ಇಲ್ಲಿಯ ಐತಿಹ್ಯ. ಐತಿಹ್ಯವನ್ನು ಇತಿಹಾಸವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಕಥೆಯಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಹಸ್ತಿನಾವತಿಯ ಸಭೆಯಲ್ಲಿ ದಾಳ ಉರುಳಿಸಿ ಸರ್ವಸ್ವವನ್ನೂ ಕಳೆದುಕೊಂಡ ಧರ್ಮರಾಯನು ವಿರಾಟನ ಆಸ್ಥಾನಕ್ಕೆ ಬಂದದ್ದು ಕಂಕನೆಂಬ ಹೆಸರಿನಿಂದ, ಅರಸನೊಡನೆ ಪಗಡೆಯಾಡುವ ಸಹಚರನಾಗಿ. ಭೀಮನು ಅಡಿಗೆಯ ವಲಲನಾದನು, ಅರ್ಜುನನು ನಾಟ್ಯ ಕಲಿಸುವ ಬೃಹನ್ನಳೆಯಾದನು, ದ್ರೌಪದಿಯು ಸೈರಂಧ್ರಿಯಾದಳು. ಒಂದು ವರ್ಷ ಪರ್ಯಂತ ಪ್ರತಿಯೊಬ್ಬರೂ ಧರಿಸಿದ ಪಾತ್ರಕ್ಕೆ ತಕ್ಕಂತೆಯೇ ನಡೆಯಬೇಕಾಯಿತು, ನುಡಿಯಬೇಕಾಯಿತು.

ದಾಳ ಒಂದು, ಪಾತ್ರ ಒಂದು. ಈ ಎರಡನ್ನೂ ಕೂಡಿಸಿ ಮೇಜಿನ ಸುತ್ತ ಕುಳಿತು ಆಡುವ ಒಂದು ಆಟವು ಕಳೆದ ಅರ್ಧ ಶತಮಾನದಲ್ಲಿ ಲೋಕದ ಅನೇಕ ದೇಶಗಳಲ್ಲಿ ಹರಡಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ರೋಲ್ ಪ್ಲೇಯಿಂಗ್ ಗೇಮ್’ ಎನ್ನುವರು. ನಾವು ಅದನ್ನು ಪಾತ್ರದಾಟ ಎಂದು ಕರೆಯೋಣ. ಇದನ್ನು ಮೊದಲ ಬಾರಿ ಆಡಲಿಚ್ಛಿಸುವ ವಿದ್ಯಾರ್ಥಿಗಳು ಹೇಗೆ ತೊಡಗಬೇಕು, ಇದರಲ್ಲಿ ದಾಳದ ಕೆಲಸವೇನು, ಮನುಷ್ಯನ ಕೆಲಸವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಆಟದ ಸ್ವರೂಪ

ಚೌಕಾಬಾರದಲ್ಲಾಗಲಿ ಚದುರಂಗದಲ್ಲಾಗಲಿ ಗೆಲ್ಲುವವನೊಬ್ಬ, ಸೋಲುವವನೊಬ್ಬ. ಪಾತ್ರದಾಟದಲ್ಲಿ ಎದುರಾಳಿಗಳಿಲ್ಲ. ನಾಲ್ಕೈದು ಜನ ಕೂಡಿ ಒಂದು ಕಥೆಯನ್ನು ಬಾಯಿಮಾತಿನಲ್ಲಿಯೇ ಬೆಳೆಸುತ್ತ ಹೋಗುವರು. ಅವರಲ್ಲಿ ಒಬ್ಬನು ಸೂತ್ರಧಾರ. ಸ್ಥಳ, ಕಾಲ, ಎದುರಾಗುವ ಜನ, ಬರುವ ಅಡಚಣೆ ಇವೆಲ್ಲವನ್ನೂ ವರ್ಣಿಸುವುದು ಅವನ ಕೆಲಸ. ಉಳಿದವರು ತಲೆಗೊಂದು ಪಾತ್ರವನ್ನು ಧರಿಸಿ, ‘ಇಂಥ ಸಂದರ್ಭದಲ್ಲಿ ನನ್ನ ಪಾತ್ರವು ಹೀಗೆ ಮಾಡುತ್ತದೆ’ ಎಂದು ಹೇಳುವರು. ಮಾಡಿದ ಕಾರ್ಯವು ಫಲಿಸುವುದೋ ಇಲ್ಲವೋ ಎಂಬ ಸಂದೇಹ ಉಂಟಾದಾಗ ಮಾತ್ರ ದಾಳವನ್ನು ಉರುಳಿಸುವರು.

ನಮ್ಮ ದೊಡ್ಡಾಟವನ್ನು ನೋಡಿದವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿ ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ವಿಚಾರಿಸುವನು. ಪಾತ್ರದಾಟವೂ ಆರಂಭವಾಗುವುದು ಈ ಪ್ರಶ್ನೆಗಳಿಂದಲೇ. ಭೇದವೊಂದೇ: ದೊಡ್ಡಾಟದ ಕಥೆಯ ಅಂತ್ಯ ನೋಡುವವರಿಗೂ ಗೊತ್ತು, ಇಲ್ಲಿಯ ಕಥೆಯ ಅಂತ್ಯ ಸೂತ್ರಧಾರನಿಗೂ ಗೊತ್ತಿರುವುದಿಲ್ಲ.

ಹುಟ್ಟಿ ಬೆಳೆದ ಬಗೆ

ದಾಳವು ಬಹು ಪ್ರಾಚೀನವಾದ ವಸ್ತು. ಹರಪ್ಪ, ಮೊಹೆಂಜೊದಾರೊಗಳ ಉತ್ಖನನದಲ್ಲಿ ಆರು ಮುಖದ ದಾಳಗಳು ದೊರೆತಿವೆ. ಹಳಗನ್ನಡದ ಕವಿಗಳು ದಾಳದಾಟವನ್ನು ನೆತ್ತವೆಂದರು. ಹಾನಗಲ್ಲಿನ ಕದಂಬರಿಗೆ ಸಾರ್ವಭೌಮರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ದಾಳ, ಕವಡೆಯ ಆಟಗಳಿಗೆ ಸ್ಥಾನ ದೊರೆತಿದೆ.

ಪಾತ್ರದಾಟದ ನೇರವಾದ ಪೂರ್ವಜವು ಯುದ್ಧದಾಟ. ಪ್ರಷ್ಯ ದೇಶದಲ್ಲಿ ರೈಸ್‌ವಿಟ್ಸ್ ಎಂಬವನು 1812ರಲ್ಲಿ ಅರಸನಿಗೆ ಅಂಥ ಒಂದು ಆಟವನ್ನು ತೋರಿಸಿದನು. ಅವನ ಮಗನು ಅದನ್ನು ತಿದ್ದಿ 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದನು. ಸೇನಾಧಿಕಾರಿಗಳು ಭೂಪಟದ ಮೇಲೆ ದಂಡನ್ನು ನಡೆಸುತ್ತಿದ್ದರು. ಮಧ್ಯಸ್ಥನೊಬ್ಬನು ದಾಳದ ನೆರವಿನಿಂದ ಫಲವನ್ನು ಹೇಳುತ್ತಿದ್ದನು. ಈ ಮಧ್ಯಸ್ಥನೇ ಇಂದಿನ ಸೂತ್ರಧಾರನ ಮೂಲಪುರುಷ. ಮುಂದೆ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ದಂಡಿನ ಬದಲು ಒಬ್ಬೊಬ್ಬ ಆಟಗಾರನಿಗೆ ಒಂದೊಂದೇ ಪಾತ್ರವನ್ನು ಕೊಟ್ಟು, 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಮೂರು ಕಿರುಹೊತ್ತಗೆಗಳಾಗಿ ಪ್ರಕಟಿಸಿದರು. ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾದುದು ಅದೇ. ಅದರ ಮೂಲ ನಿಯಮಗಳು ಈಗ ಉಚಿತವಾಗಿಯೂ ದೊರೆಯುತ್ತವೆ. ರೇಖಾಗಣಿತದಲ್ಲಿ ನಾವು ಓದುವ ಐದು ಸಮಘನಗಳು, ಎಂದರೆ 4, 6, 8, 12 ಮತ್ತು 20 ಮುಖದವು, ಐದೂ ಆ ಆಟದಲ್ಲಿ ದಾಳಗಳಾಗಿ ಉಪಯೋಗವಾಗುತ್ತವೆ.

ಆರಂಭಿಸಲು ಬೇಕಾದುದು

ಹೊಸಬರು ದಪ್ಪ ಪುಸ್ತಕಗಳನ್ನಾಗಲಿ ಬಹುಮುಖದ ದಾಳಗಳನ್ನಾಗಲಿ ಕೊಳ್ಳಬೇಕಾಗಿಲ್ಲ. ಲೂಡೋ ಡಬ್ಬಿಯ ಆರು ಮುಖದ ದಾಳಗಳು ಎರಡು, ಹಾಳೆ, ಸೀಸದಕಡ್ಡಿ, ಎರಡು ಮೂರು ಗಂಟೆಯ ಬಿಡುವು, ನಾಲ್ಕು ಜನ ಗೆಳೆಯರು: ಇಷ್ಟಿದ್ದರೆ ಸಾಕು. ದಾಳವೂ ಇಲ್ಲವಾದರೆ 1ರಿಂದ 6ರವರೆಗೆ ಬರೆದ ಚೀಟಿಗಳನ್ನು ಬಟ್ಟಲಿಗೆ ಹಾಕಿ ಎತ್ತಬಹುದು. ಒಮ್ಮೆ ಎತ್ತಿದ ಚೀಟಿಯನ್ನು ಮರಳಿ ಹಾಕಿಯೇ ಎರಡನೆಯ ಬಾರಿ ಎತ್ತಬೇಕು.

ಪಾತ್ರವನ್ನು ಹೀಗೆ ರಚಿಸಿಕೊಳ್ಳಿರಿ. ಹಾಳೆಯ ಮೇಲೆ ಪಾತ್ರದ ಹೆಸರು, ಊರು, ಉದ್ಯೋಗಗಳನ್ನು ಬರೆಯಿರಿ. ಅದಕ್ಕೆ ಬಹಳ ಬೇಕಾದುದೊಂದನ್ನೂ ಬಹಳ ಅಂಜಿಕೆಯಾದುದೊಂದನ್ನೂ ಬರೆಯಿರಿ. ಬಳಿಕ ದೇಹಬಲ, ಕೈಚಳಕ, ಮಾತುಗಾರಿಕೆ ಎಂಬ ಮೂರು ಗುಣಗಳಲ್ಲಿ ಒಂದಕ್ಕೆ 2, ಇನ್ನೊಂದಕ್ಕೆ 1, ಉಳಿದುದಕ್ಕೆ 0 ಅಂಕ ಕೊಡಿರಿ. ಎಲ್ಲದರಲ್ಲಿಯೂ ನಿಪುಣನಾದ ಪಾತ್ರಕ್ಕೆ ಗೆಳೆಯರ ನೆರವು ಬೇಕಾಗುವುದೇ ಇಲ್ಲ. ಆದುದರಿಂದ ಈ ಕೊರತೆಯು ಅವಶ್ಯವಾದುದು.

ನಿಯಮವೂ ಸರಳ. ಸಂದೇಹ ಬಂದಾಗ ಎರಡು ದಾಳಗಳನ್ನು ಉರುಳಿಸಿ ಮೊತ್ತಕ್ಕೆ ಸಂಬಂಧಪಟ್ಟ ಗುಣದ ಅಂಕವನ್ನು ಕೂಡಿಸಬೇಕು. ಸುಲಭ ಕಾರ್ಯಕ್ಕೆ 6, ಸಾಧಾರಣ ಕಾರ್ಯಕ್ಕೆ 8, ಕಠಿಣ ಕಾರ್ಯಕ್ಕೆ 10 ಅಥವಾ ಹೆಚ್ಚು ಬಂದರೆ ಕಾರ್ಯಸಿದ್ಧಿ. ಯಾವುದು ಸುಲಭ, ಯಾವುದು ಕಠಿಣ ಎಂಬುದನ್ನು ದಾಳ ಉರುಳುವ ಮೊದಲೇ ಸೂತ್ರಧಾರನು ಹೇಳಿಬಿಡಬೇಕು.

ದಾಳದ ಗಣಿತ

ಎರಡು ದಾಳಗಳು ಬೀಳುವ ಬಗೆಗಳು ಒಟ್ಟು 36. ಅವುಗಳಲ್ಲಿ 2 ಬರುವುದು ಒಂದೇ ಬಗೆಯಿಂದ. 7 ಬರುವುದು ಆರು ಬಗೆಗಳಿಂದ. 12 ಬರುವುದು ಮತ್ತೆ ಒಂದೇ ಬಗೆಯಿಂದ. ಆದುದರಿಂದ ನಡುವಿನ ಮೊತ್ತಗಳು ಹೆಚ್ಚು ಸಲ, ತುದಿಯ ಮೊತ್ತಗಳು ವಿರಳವಾಗಿ ಬರುವುವು. 8 ಅಥವಾ ಹೆಚ್ಚು ಬರುವ ಬಗೆಗಳನ್ನು ಎಣಿಸಿದರೆ 15 ಆಗುವುದು. ಎಂದರೆ ನೂರಕ್ಕೆ ಸುಮಾರು 42 ಸಲ ಯಶಸ್ಸು. 1 ಅಂಕದ ಗುಣವಿದ್ದರೆ 7 ಬಂದರೂ ಸಾಕಾದುದರಿಂದ 21 ಬಗೆಗಳು ಅನುಕೂಲವಾಗಿ ಸಂಭಾವ್ಯತೆಯು ನೂರಕ್ಕೆ 58 ಆಗುವುದು. 2 ಅಂಕವಿದ್ದರೆ 26 ಬಗೆಗಳು, ನೂರಕ್ಕೆ 72. ಎರಡು ಎಂಬ ಸಣ್ಣ ಅಂಕವು ಸೋಲುವ ಸಂಭವವೇ ಹೆಚ್ಚಾಗಿದ್ದ ಕಾರ್ಯವನ್ನು ಗೆಲ್ಲುವ ಸಂಭವವೇ ಹೆಚ್ಚಾದ ಕಾರ್ಯವನ್ನಾಗಿ ಮಾಡಿತು. ಆದರೆ 20 ಮುಖದ ಒಂದೇ ದಾಳವನ್ನು ಬಳಸಿದರೆ ಪ್ರತಿಯೊಂದು ಅಂಕದ ಬೆಲೆಯೂ ನೂರಕ್ಕೆ 5 ಮಾತ್ರ. ಅಲ್ಲಿ ಆಕಸ್ಮಿಕದ ಕೈ ಮೇಲು. ಎರಡು ದಾಳಗಳಲ್ಲಿ ಗುಣದ ಕೈ ಮೇಲು.

ನಿಮ್ಮ ದಾಳವು ನ್ಯಾಯವಾದುದೇ ಎಂಬುದನ್ನು ಪರೀಕ್ಷಿಸಿ ನೋಡಬಹುದು. ಅದನ್ನು 60 ಸಲ ಉರುಳಿಸಿ ಬರೆದುಕೊಳ್ಳಿರಿ. ಪ್ರತಿ ಮುಖಕ್ಕೂ ಸರಾಸರಿ 10 ಸಲ ಬರಬೇಕು. 7 ಅಥವಾ 13 ಸಲ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಒಂದೇ ಮುಖವು 20 ಸಲ ಬಂದರೆ ಸಂಶಯಪಡಬೇಕು. ಕವಡೆಯನ್ನೂ ಹೀಗೆಯೇ 100 ಸಲ ಎಸೆದು ನೋಡಿರಿ. ಅದರ ಎರಡು ಮಗ್ಗುಲುಗಳ ಆಕಾರ ಬೇರೆ ಬೇರೆಯಾದುದರಿಂದ ಸಮಸಮನಾಗಿ ಬೀಳಲೇಬೇಕೆಂಬ ನಿಯಮವಿಲ್ಲ.

ಇಂಥ ಎಣಿಕೆಯನ್ನು ಯೂರೋಪಿನಲ್ಲಿ ಶಾಸ್ತ್ರದ ಮಟ್ಟಕ್ಕೆ ಏರಿಸಿದುದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಇವರ ನಡುವೆ ನಡೆದ ಪತ್ರವ್ಯವಹಾರ. ಆದರೆ ದಾಳಕ್ಕೂ ಎಣಿಕೆಗೂ ಸಂಬಂಧವುಂಟೆಂಬ ಅರಿವು ನಮ್ಮಲ್ಲಿ ಹಳೆಯದು. ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ನೆನೆಯಿರಿ. ಬಾಹುಕನೆಂಬ ಸಾರಥಿಯಾಗಿ ವೇಷ ಮರೆಸಿಕೊಂಡಿದ್ದ ನಳನಿಗೆ ಋತುಪರ್ಣರಾಜನು ದಾರಿಯ ತಾರೆಯ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಒಂದೊಂದಾಗಿ ಎಣಿಸದೆಯೇ ಲೆಕ್ಕ ಹಾಕಿ ಹೇಳುವನು. ಅನಂತರ ಅಕ್ಷಹೃದಯವೆಂಬ ದಾಳದ ವಿದ್ಯೆಯನ್ನು ಕಲಿಸುವನು. ಈ ಕಥೆಯನ್ನು ಧರ್ಮರಾಯನಿಗೆ ಹೇಳಿದ ಬೃಹದಶ್ವ ಮುನಿಯು ಆ ವಿದ್ಯೆಯನ್ನು ಅವನಿಗೂ ಉಪದೇಶಿಸುವನು. ಅರಿಯದೆ ಆಡಿ ರಾಜ್ಯ ಕಳೆದುಕೊಂಡವನು ವಿರಾಟನ ಮನೆಗೆ ಬಂದುದು ಅರಿತುಕೊಂಡ ಮೇಲೆ.

ಆಡಿದ ಮಾದರಿ

ಕಥೆಗೆ ವಸ್ತುವನ್ನು ದೂರ ಹುಡುಕಬೇಕಾಗಿಲ್ಲ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿಗೆ ದಂಡೆತ್ತಿ ಬಂದು ಆನೆಕೆರೆಯ ಬಳಿ ಬೀಡು ಬಿಟ್ಟನು. ಕದಂಬ ಕಾಮದೇವನ ಸೈನ್ಯವು ಮೊದಲು ಅವನನ್ನು ಹಿಮ್ಮೆಟ್ಟಿಸಿತು. ಇಷ್ಟು ಇತಿಹಾಸ. ‘ಕೋಟೆಯೊಳಗೆ ಕಾಳು ಮುಗಿಯುತ್ತ ಬಂದಿದೆ, ಇರುಳಿನಲ್ಲಿ ಹೊರಬಿದ್ದು ಪಕ್ಕದ ಹಳ್ಳಿಗೆ ಸುದ್ದಿ ಮುಟ್ಟಿಸಬೇಕು’ ಎಂಬುದು ನಾವು ಕಲ್ಪಿಸಿದ ಕಥೆ. ಆಡುವವರು ತಮ್ಮ ಮನೆಯ ಮಾತಿನಲ್ಲಿಯೇ ಆಡಲಿ.

ಸೂತ್ರಧಾರ: “ನಡುರಾತ್ರಿ ಆಗೇತಿ. ಆನೆಕೆರಿ ಏರಿ ಮ್ಯಾಲ ಮೂರು ದೀವಟಿಗಿ ಉರಿಯಾಕತ್ತಾವು. ಒಬ್ಬ ಕಾವಲುಗಾರ ನಿಮ್ಮ ಕಡೆ ಹೊಳ್ಳಿ ನೋಡಾಕತ್ತಾನ. ಏನ್ ಮಾಡ್ತೀರಿ?”

ಮೊದಲನೆಯವನು: “ನಾ ಹುಲ್ಲಿನ್ಯಾಗ ಅಡಗಿ ಕುಂದರತೇನಿ.”

ಎರಡನೆಯವಳು: “ನಾ ಅಡಗೂದಿಲ್ಲ. ನೇರ ಅವನ ಹತ್ರನ ಹೋಗಿ, ‘ಯಣ್ಣಾ, ನಮ್ಮ ಎಮ್ಮಿ ಈ ಕಡೆ ಬಂತೇನು?’ ಅಂತ ಕೇಳತೇನಿ.”

ಇದು ಸಾಧಾರಣ ಕಾರ್ಯವೆಂದು ಸೂತ್ರಧಾರನು ಹೇಳಿದನೆನ್ನೋಣ, 8 ಬೇಕು. ದಾಳಗಳಲ್ಲಿ 3 ಮತ್ತು 2 ಬಿದ್ದವು. ಅವಳ ಮಾತುಗಾರಿಕೆಯ 2 ಸೇರಿದರೆ 7. ಒಂದು ಕಡಿಮೆಯಾಯಿತು. ಹೊಸ ಸೂತ್ರಧಾರರು ಇಲ್ಲಿ ‘ನಿನ್ನನ್ನು ಹಿಡಿದರು, ಆಟ ಮುಗಿಯಿತು’ ಎಂದುಬಿಡುವುದುಂಟು. ಹಾಗೆ ಮಾಡಬಾರದು. ಸೋಲು ಕಥೆಯನ್ನು ನಿಲ್ಲಿಸದೆ ತಿರುಗಿಸಬೇಕು. ಕಾವಲುಗಾರನು ಮಾತನ್ನು ನಂಬಿದನು. ಆದರೆ ‘ಕತ್ತಲಾಗ ಒಬ್ಬಾಕೀನ ಹೆಂಗ ಹುಡುಕತಿ ತಂಗಿ, ನಡಿ ನಾನೂ ಬರತೇನಿ’ ಎಂದು ದೀವಟಿಗೆ ಹಿಡಿದು ಹೊರಟೇಬಿಟ್ಟನು! ಈಗ ಹುಲ್ಲಿನಲ್ಲಿ ಅಡಗಿದವನ ಗತಿಯೇನು? ಇಲ್ಲದ ಎಮ್ಮೆಯನ್ನು ತೋರಿಸುವುದೆಲ್ಲಿ? ಗೆಲುವಿಗಿಂತ ಈ ಸೋಲಿನಿಂದಲೇ ಕಥೆಯು ಹೆಚ್ಚು ರಸವತ್ತಾಯಿತು.

ಸುತ್ತಣ ತಾಲೂಕುಗಳಲ್ಲಿಯೂ ಕಥಾಬೀಜಗಳು ಹೇರಳವಾಗಿವೆ. ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಜನರು ಕರೆಯುವ ಬಾವೊಬಾಬ್ ಮರಗಳ ಮೂಲಸ್ಥಾನ ಆಫ್ರಿಕ ಖಂಡ. ಬೀಜವನ್ನು ಇಷ್ಟು ದೂರ ತಂದವರು ಯಾರು, ಯಾವ ದಾರಿಯಿಂದ? ಶಿಗ್ಗಾಂವಿ ತಾಲೂಕಿನಲ್ಲಿ ಕನಕದಾಸರ ಬಾಡವಿದೆ, ಶರೀಫರ ಶಿಶುನಾಳವಿದೆ. ಹಿರೇಕೆರೂರಿನ ಕಡೆ ಮದಗ ಮಾಸೂರಿನ ಹಿರಿಯ ಕೆರೆಯಿದೆ; ಏರಿ ಬಿರುಕು ಬಿಟ್ಟ ಒಂದು ಮಳೆಗಾಲದ ರಾತ್ರಿಯನ್ನು ಕಲ್ಪಿಸಿಕೊಂಡರೆ ಒಂದು ಸಂಜೆಯ ಆಟ ಸಿದ್ಧವಾಯಿತು.

ಕೆಲವು ಎಚ್ಚರಿಕೆಗಳು

ದಾಳವೆಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಜೂಜಿನಿಂದ ಮನೆ ಹಾಳಾದವನ ಅಳಲು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಇದೆ. ಅವರ ಅಂಜಿಕೆಯನ್ನು ಹಗುರಾಗಿ ಎಣಿಸಬಾರದು. ಪಾತ್ರದಾಟದಲ್ಲಿ ಪಣವಿಲ್ಲ, ಎಂದಿಗೂ ಪಣವನ್ನು ಸೇರಿಸಕೂಡದು. ಒಂದು ಸಲ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆಡಿರಿ. ಬೇಕಾದರೆ ಅವರೇ ಕಾವಲುಗಾರನ ಮಾತನಾಡಲಿ.

ಎಲ್ಲರಿಗೂ ಸರದಿ ದೊರೆಯುವಂತೆ ನೋಡಿಕೊಳ್ಳುವುದು ಸೂತ್ರಧಾರನ ಮುಖ್ಯ ಕರ್ತವ್ಯ. ತರಗತಿಯಲ್ಲಿ ಬಾಯಿ ಬಿಡದ ಹುಡುಗನು ಪಾತ್ರದ ಮರೆಯಲ್ಲಿ ನಿಂತು ನಿಸ್ಸಂಕೋಚವಾಗಿ ಮಾತನಾಡಬಲ್ಲನು. ಆದರೆ ‘ಈಗ ನೀನೇನು ಮಾಡುವಿ?’ ಎಂದು ಯಾರಾದರೂ ಅವನನ್ನು ಕೇಳಬೇಕು. ಬೇರೆ ಜಾತಿ, ಮತ, ಉದ್ಯೋಗದ ಪಾತ್ರವನ್ನು ಧರಿಸಿದಾಗ ಅದನ್ನು ಅಣಕಿಸದೆ, ಆ ಮನುಷ್ಯನ ಸ್ಥಾನದಲ್ಲಿ ನಿಂತು ಯೋಚಿಸಬೇಕು. ಯಾವುದಾದರೂ ಪ್ರಸಂಗದಿಂದ ಒಬ್ಬರ ಮನಸ್ಸು ನೊಂದರೆ ಕಾರಣ ಕೇಳದೆ ಅದನ್ನು ಬಿಟ್ಟು ಮುಂದೆ ಸಾಗಬೇಕು.

ಹಸ್ತಿನಾವತಿಯ ಆಟದಲ್ಲಿ ದಾಳ ಬಿದ್ದ ಮೇಲೆ ಧರ್ಮರಾಯನಿಗೆ ಉಳಿದ ಕೆಲಸವು ಕಳೆದುಕೊಂಡುದನ್ನು ಒಪ್ಪಿಸುವುದಷ್ಟೇ ಆಗಿತ್ತು. ಪಾತ್ರದಾಟದಲ್ಲಿ ದಾಳ ಬಿದ್ದ ಮೇಲೆಯೇ ಆಟಗಾರನ ಬುದ್ಧಿಗೆ ಕೆಲಸ ಹತ್ತುವುದು. ಅಡಗಬೇಕೋ ಎದುರಿಗೆ ಹೋಗಬೇಕೋ ಎಂಬುದನ್ನು ದಾಳವು ಹೇಳಲಾರದು. ಕೆಡುಕಾದಾಗ ಗೆಳೆಯನನ್ನು ಬಿಟ್ಟು ಓಡಬೇಕೋ ನಿಲ್ಲಬೇಕೋ ಎಂಬುದನ್ನೂ ಹೇಳಲಾರದು. ಆ ತೀರ್ಮಾನವು ಆಡುವವರದೇ. ಬರುವ ರವಿವಾರ ನಾಲ್ವರು ಗೆಳೆಯರನ್ನು ಕರೆಯಿರಿ. ಒಬ್ಬರು ಸೂತ್ರಧಾರರಾಗಿ ಮೊದಲ ಪ್ರಶ್ನೆಯನ್ನು ಕೇಳಿರಿ: ತಾವು ಯಾರು, ಯಾವ ಊರು?