ನಂಜನಗೂಡಿನ ರಸಬಾಳೆ ಎಲ್ಲಿ ಹೋಯಿತು?

ರಮಝಾನ್ ತಿಂಗಳಲ್ಲಿ ಅಸರ್ ನಮಾಝಿನ ಬಳಿಕ ಮೈಸೂರು ಕಡೆಯ ಯಾವುದೇ ಪೇಟೆ ಬೀದಿಗೆ ಹೋಗಿ ನೋಡಿ. ಖರ್ಜೂರ, ಕಲ್ಲಂಗಡಿ, ಪಪ್ಪಾಯಿಗಳ ಜೊತೆಗೆ ಬಾಳೆಹಣ್ಣಿನ ತಳ್ಳುಗಾಡಿ ಇದ್ದೇ ಇರುತ್ತದೆ. ಒಂದು ಚಿಪ್ಪು ಎತ್ತಿ ಹಿಡಿದು "ರಸಬಾಳೆನಾ?" ಎಂದು ಕೇಳಿದರೆ "ಹೌದಮ್ಮಾ, ನಂಜನಗೂಡಿಂದೇ" ಎಂಬ ಉತ್ತರ ತಕ್ಷಣ ಬರುತ್ತದೆ. ಮನೆಗೆ ತಂದು ಇಫ್ತಾರಿಗೆ ಇಟ್ಟರೆ, ಒಂದು ತುಂಡು ಬಾಯಿಗಿಟ್ಟ ಅತ್ತೆಯವರು ಏನೂ ಹೇಳದೆ ತಲೆಯಾಡಿಸುತ್ತಾರೆ. ಪಾಪ, ಸೊಸೆಯನ್ನು ದೂರಿ ಫಲವಿಲ್ಲ. ಈಗಿನ ಹೆಚ್ಚಿನ ಸೊಸೆಯಂದಿರು ನಿಜವಾದ ರಸಬಾಳೆಯನ್ನು ತಿಂದೇ ಇಲ್ಲ.

ತಿಂದವರು ಮಾತ್ರ ಅದನ್ನು ಮರೆಯುವುದಿಲ್ಲ. ತೆಳುವಾದ ಸಿಪ್ಪೆ, ಹಣ್ಣಾದಾಗ ಹೊನ್ನಿನ ಹಳದಿ ಬಣ್ಣ. ತಿರುಳು ಬಿಳಿ, ಬಲು ಮೃದು. ಸಿಹಿಯ ಹಿಂದೆ ಸಣ್ಣದೊಂದು ಹುಳಿ, ಜೊತೆಗೆ ಮನೆ ತುಂಬುವ ಪರಿಮಳ. ದೋಷಗಳೂ ಇಲ್ಲದಿಲ್ಲ. ಒಮ್ಮೊಮ್ಮೆ ತಿರುಳಿನ ನಡುವೆ ಗಟ್ಟಿ ಗಂಟು ಸಿಗುತ್ತದೆ. ಚೆನ್ನಾಗಿ ಮಾಗಿದರೆ ಸಿಪ್ಪೆ ಬಿರಿಯುತ್ತದೆ, ಹಣ್ಣುಗಳು ಚಿಪ್ಪಿನಿಂದ ಒಂದೊಂದಾಗಿ ಕಳಚಿ ಬೀಳುತ್ತವೆ. ಆದ್ದರಿಂದಲೇ ಲಾರಿಯಲ್ಲಿ ದೂರದ ಊರಿಗೆ ಹೋಗುವುದು ಇದಕ್ಕೆ ಒಗ್ಗುವುದಿಲ್ಲ. ಇದು ಹುಟ್ಟಿನಿಂದಲೇ ಹತ್ತಿರದವರ ಹಣ್ಣು. ಶ್ರೀಕಂಠೇಶ್ವರ ದೇಗುಲದ ಹಣ್ಣುಕಾಯಿ ತಟ್ಟೆಗೂ ನಮ್ಮ ದಸ್ತರ್‌ಖಾನ್‌ಗೂ ಒಂದೇ ಗಾಡಿಯಿಂದ ಹೋಗುತ್ತಿದ್ದುದು. ಆ ದೇಗುಲದ ಪಚ್ಚೆಲಿಂಗ ಟಿಪ್ಪು ಸುಲ್ತಾನರು ಕೊಟ್ಟದ್ದೆಂದು ಊರಿನವರು ಇಂದಿಗೂ ಹೇಳುತ್ತಾರೆ. ಅಂಥ ಊರಿನಲ್ಲಿ ಹಣ್ಣಿಗೆ ಜಾತಿಮತ ಕೇಳುವವರು ಯಾರು!

ತಮಿಳುನಾಡಿನ ರಸ್ತಾಳಿ, ಬಂಗಾಳದ ಮರ್ತಮಾನ್ ಇದೇ ಬಳಗದ ಬಾಳೆಗಳು. ಆದರೆ ಕಪಿಲಾ ನದಿ ಬಯಲಿನ ಕಪ್ಪು ಜೇಡಿಮಣ್ಣಿನಲ್ಲಿ, ಮುಖ್ಯವಾಗಿ ದೇವರಸನಹಳ್ಳಿಯ ಸುತ್ತಮುತ್ತ ಬೆಳೆದಾಗ ಬರುವ ರುಚಿಯೇ ಬೇರೆ ಎಂಬ ಖ್ಯಾತಿ ಬಹಳ ಹಿಂದಿನದು. ಆ ಖ್ಯಾತಿಗೆ ಸರಕಾರದ ಮುದ್ರೆಯೂ ಬಿತ್ತು. ಭೌಗೋಳಿಕ ಗುರುತಿನ ಕಾನೂನು 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದಿತು. ಈ ಕಾನೂನಿನ ಕೆಳಗೆ ದೇಶದಲ್ಲಿ ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ನಂಜನಗೂಡಿನ ರಸಬಾಳೆಗೆ 2005-06ರಲ್ಲೇ ಆ ಮಾನ್ಯತೆ ಸಿಕ್ಕಿತು. ಬೇರೆ ಕಡೆ ಬೆಳೆದ ಬಾಳೆಯನ್ನು ಈ ಹೆಸರಿನಲ್ಲಿ ಮಾರಬಾರದು ಎಂಬುದು ಅದರ ತಾತ್ಪರ್ಯ.

ವಿಚಿತ್ರವೆಂದರೆ, ಹೆಸರಿಗೆ ರಕ್ಷಣೆ ಸಿಗುವ ಹೊತ್ತಿಗೆ ಹಣ್ಣೇ ತೋಟ ಬಿಟ್ಟು ಹೋಗತೊಡಗಿತ್ತು.

ಕಾರಣ ಒಂದು ಶಿಲೀಂಧ್ರ. ಪನಾಮ ಸೊರಗು ರೋಗ ಎಂದು ಅದನ್ನು ಕರೆಯುತ್ತಾರೆ. ಅದು ಮಣ್ಣಿನಲ್ಲಿದ್ದು ಬೇರಿನ ಮೂಲಕ ಗಿಡದೊಳಕ್ಕೆ ನುಗ್ಗಿ, ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತದೆ. ಬಳಿಕ ಎಲೆಗಳು ಮುರಿದು ಗಿಡದ ಸುತ್ತ ಲಂಗದಂತೆ ಜೋತು ಬೀಳುತ್ತವೆ. ದಿಂಡನ್ನು ಕತ್ತರಿಸಿದರೆ ಒಳಗೆ ಕೆಂಪು ಮಿಶ್ರಿತ ಕಂದು ಗೆರೆಗಳು. ವರ್ಷಕ್ಕೂ ಹೆಚ್ಚು ಕಾಲ ನೀರು ಗೊಬ್ಬರ ಹಾಕಿ ಸಾಕಿದ ಗಿಡ ಗೊನೆ ಬಿಡುವ ಹೊತ್ತಿಗೆ ಹೀಗೆ ಮಲಗಿದರೆ ರೈತನ ಮನೆಯಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮಗಳ ಶಾಲೆಯ ಶುಲ್ಕ, ಸಂಘದ ಸಾಲದ ಕಂತು ಎಲ್ಲವೂ ಆ ಗೊನೆಯನ್ನೇ ನೆಚ್ಚಿಕೊಂಡಿರುತ್ತವೆ. ರೋಗ ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಗಿಡ ಕಿತ್ತೆಸೆದರೂ ಶಿಲೀಂಧ್ರ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕ, ಯೂರೋಪಿನವರು ತಿನ್ನುತ್ತಿದ್ದುದು ಗ್ರೋ ಮಿಶೆಲ್ ಎಂಬ ಬಾಳೆ. ಇದೇ ರೋಗ ಮಧ್ಯ ಅಮೆರಿಕದ ಆ ತೋಟಗಳನ್ನು ನುಂಗಿತು. 1960ರ ದಶಕದ ಹೊತ್ತಿಗೆ ದೊಡ್ಡ ಕಂಪೆನಿಗಳು ಅದನ್ನು ಬಿಟ್ಟು ಕ್ಯಾವೆಂಡಿಶ್ ಜಾತಿಗೆ ಹೋದವು. ನಮ್ಮಲ್ಲಿ ಪಚ್ಚಬಾಳೆ ಎನ್ನುವುದು ಆ ಜಾತಿಯದೇ. ರಸಬಾಳೆಯನ್ನು ಕೊಲ್ಲುವ ಹಳೆಯ ತಳಿಯ ರೋಗ ಅದನ್ನು ಮುಟ್ಟುವುದಿಲ್ಲ. ಗೊನೆ ದೊಡ್ಡದು, ಲಾರಿಯ ಪ್ರಯಾಣಕ್ಕೂ ತಾಳುತ್ತದೆ. ಗಾಡಿಗಳ ಮೇಲೆ ಅದೇ ಏಕೆ ತುಂಬಿದೆ ಎಂದು ಈಗ ಅರ್ಥವಾಗಿರಬಹುದು. ಆದರೆ ಪಚ್ಚಬಾಳೆಯನ್ನೂ ಬಿಡದ ಹೊಸ ತಳಿಯ ರೋಗ ಬಿಹಾರ, ಉತ್ತರ ಪ್ರದೇಶಗಳವರೆಗೆ ಬಂದಾಗಿದೆ.

ರೈತರನ್ನು ದೂರುವಂತಿಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ನಾಲೆಯ ನೀರು ನಂಜನಗೂಡು, ತಿ. ನರಸೀಪುರ ತಾಲೂಕುಗಳಿಗೆ ಹರಿಯಿತು. ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲಿನ ಕಡೆಗೆ ಹೋದರೆ ಇಂದು ಕಣ್ಣಿಗೆ ಬೀಳುವುದು ಭತ್ತ, ಕಬ್ಬು. ಭತ್ತಕ್ಕೆ ಗಿರಣಿ ಇದೆ, ಕಬ್ಬಿಗೆ ಕಾರ್ಖಾನೆ ಇದೆ. ರಸಬಾಳೆಗೆ ಇರುವುದು ಒಂದು ತಳ್ಳುಗಾಡಿ ಮತ್ತು ಒಂದು ಹೆಸರು. ಒಂದು ವರ್ಷದ ಬೆಳೆಯನ್ನು ಪಣಕ್ಕಿಟ್ಟು ಅದನ್ನು ಬೆಳೆಸು ಎಂದು ಯಾರಿಗೆ ಹೇಳುವುದು? ಹಾಗಿದ್ದೂ ಕೆಲವರು ಬಿಡದೆ ಬೆಳೆಯುತ್ತಿದ್ದಾರೆ. ಅವರ ಹಣ್ಣಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕಾದುದು ನ್ಯಾಯ. ಆದರೆ ಎಲ್ಲಿಂದಲೋ ಬಂದ ಹಣ್ಣಿಗೆ ಅದೇ ಹೆಸರು ಹಚ್ಚಿ ಮಾರಿದಾಗ ಆ ನಾಲ್ಕು ಕಾಸೂ ಬೇರೆಯವರ ಜೇಬಿಗೆ ಹೋಗುತ್ತದೆ. ಮೋಸ ಹೋಗುವವರು ಕೊಳ್ಳುವ ನಾವು ಮಾತ್ರವಲ್ಲ, ಬೆಳೆದವರೂ ಹೌದು.

ಇದೇ ನಂಜನಗೂಡಿನಲ್ಲಿ 1989ರಿಂದ ನೆಸ್ಲೆ ಕಂಪೆನಿಯ ಕಾರ್ಖಾನೆಯೂ ಇದೆ. 2015ರ ಜೂನ್‌ನಲ್ಲಿ ಮ್ಯಾಗಿಗೆ ದೇಶವ್ಯಾಪಿ ನಿಷೇಧ ಬಂದುದು ನೆನಪಿರಬಹುದು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿ ಮರುಪರೀಕ್ಷೆಗೆ ಆದೇಶಿಸಿತು. ನವೆಂಬರ್‌ನಲ್ಲಿ ಪೊಟ್ಟಣ ಮತ್ತೆ ಅಂಗಡಿಗೆ ಬಂತು. ಮೊದಲು ಉತ್ಪಾದನೆ ಶುರುವಾದ ಕಾರ್ಖಾನೆಗಳಲ್ಲಿ ನಂಜನಗೂಡಿನದೂ ಒಂದು. ಒಂದು ಪೊಟ್ಟಣದ ಒಳಗೇನಿದೆ ಎಂದು ತಿಳಿಯಲು ಇಡೀ ದೇಶ ತಲೆಕೆಡಿಸಿಕೊಂಡಿತು. ನಮ್ಮ ಮನೆಗಳಲ್ಲಂತೂ ಪೊಟ್ಟಣದ ಹಿಂಬದಿ ಓದುವ ಅಭ್ಯಾಸ ಮೊದಲಿನಿಂದಲೂ ಇದೆ. ಜಿಲೆಟಿನ್ ಇದೆಯೇ, ಹಲಾಲ್ ಹೌದೇ ಎಂದು ಕನ್ನಡಕ ಹಾಕಿಕೊಂಡು ನೋಡುತ್ತೇವೆ. ಬಾಳೆಹಣ್ಣಿಗೆ ಹಿಂಬದಿ ಇಲ್ಲ. ಅಲ್ಲಿ ನಮ್ಮ ಕಣ್ಣು, ಮೂಗು, ನಾಲಿಗೆಯೇ ಲೇಬಲ್.

ಆದ್ದರಿಂದ ಕೊಳ್ಳುವಾಗ ಸ್ವಲ್ಪ ನಿಲ್ಲಿ. ಸಿಪ್ಪೆ ದಪ್ಪಗಿದ್ದು, ಚಿಪ್ಪಿಗೆ ಬಿಗಿಯಾಗಿ ಅಂಟಿಕೊಂಡು, ಪರಿಮಳವೇ ಇಲ್ಲದಿದ್ದರೆ ಅದು ಮಾಗಿದ ರಸಬಾಳೆಯಲ್ಲ. ಹೊರಗೆಲ್ಲ ಒಂದೇ ಸಮ ಹಳದಿ, ತೊಟ್ಟು ಮಾತ್ರ ಹಸಿರು, ಒಳಗೆ ಗಟ್ಟಿ ಎಂದಾದರೆ ಅವಸರದಲ್ಲಿ ಹಣ್ಣು ಮಾಡಿದ್ದಾರೆಂದು ಅನುಮಾನ ಪಡಬಹುದು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದಕ್ಕೆ ಕಾನೂನಿನ ನಿಷೇಧವಿದೆ. ಯಾವ ಊರಿನ ತೋಟದ್ದು ಎಂದು ಕೇಳಿ. ಸಿಪ್ಪೆ ಬಿರಿದಿದೆ, ಚುಕ್ಕೆ ಬಿದ್ದಿದೆ ಎಂದು ಒಳ್ಳೆಯ ಹಣ್ಣನ್ನು ತಿರಸ್ಕರಿಸಬೇಡಿ. ರಸಬಾಳೆಯ ವಿಷಯದಲ್ಲಿ ಅದು ಮಾಗಿದ ಲಕ್ಷಣ.

ಹಿತ್ತಲಿನಲ್ಲಿ ಒಂದೆರಡು ಬಾಳೆ ನೆಡುವ ಸಹೋದರಿಯರಿಗೆ ಇನ್ನೊಂದು ಮಾತು. ತವರಿಗೆ ಹೋದಾಗ, ನೆರೆಮನೆಗೆ ಹೋದಾಗ ಬಾಳೆ ಕಂದು ಕೇಳಿ ತರುವುದು ನಮ್ಮ ಹಳೆಯ ರೂಢಿ. ಪ್ರೀತಿಯಿಂದ ಕೊಡುತ್ತಾರೆ, ಪ್ರೀತಿಯಿಂದ ತರುತ್ತೇವೆ. ಸೊರಗು ರೋಗ ಊರಿಂದೂರಿಗೆ ಹೋಗುವ ದಾರಿಗಳಲ್ಲಿ ಇದೇ ಮುಖ್ಯವಾದುದು. ಕಂದಿನ ಬೇರಿಗಂಟಿದ ಮಣ್ಣು, ಗುದ್ದಲಿ, ತೋಟದಿಂದ ತೋಟಕ್ಕೆ ಹರಿಯುವ ನೀರು ಎಲ್ಲವೂ ಅದನ್ನು ಹೊತ್ತೊಯ್ಯುತ್ತವೆ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಸಸಿ ರೋಗವಿಲ್ಲದೆ ಕೈಗೆ ಬರುತ್ತದೆ. ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಅಂಥದನ್ನೇ ತಂದು, ಹಿಂದೆ ಬಾಳೆ ಸೊರಗಿ ಸತ್ತ ಜಾಗ ಬಿಟ್ಟು ಬೇರೆ ಕಡೆ ನೆಡಿ. ನೆರೆಯವರು ಕಂದು ಕೇಳಿದರೆ ಬೇಸರಿಸಬೇಡಿ, ನುಗ್ಗೆಯ ಕೊಂಬೆಯನ್ನೋ ಕರಿಬೇವಿನ ಸಸಿಯನ್ನೋ ಕೊಡಿ. ಬಾಳೆ ಗೊನೆ ಬಂದಾಗ ಒಂದು ಚಿಪ್ಪು ಕಳುಹಿಸಿದರಾಯಿತು.