ಎಂಟು ಇಂಚಿನ ಷೆವರ್ಲೆ

1957ರ ಷೆವರ್ಲೆ ಬೆಲ್ ಏರ್ ಕಾರಿನ ಉದ್ದ 200 ಇಂಚು. ಅದರ 1/25 ಅಳತೆಯ ಪ್ಲಾಸ್ಟಿಕ್ ಮಾದರಿ 8 ಇಂಚು. ಉದ್ದ, ಅಗಲ, ಎತ್ತರ ಮೂರನ್ನೂ ಕಿಟ್ ತಯಾರಿಸುವವರೇ ಇಪ್ಪತ್ತೈದರಿಂದ ಭಾಗಿಸಿ ಕೊಟ್ಟಿರುತ್ತಾರೆ. ಅವರ ಕೈಗೂ ಭಾಗಿಸಲಾಗದೆ ಉಳಿಯುವುದು ದಪ್ಪ. ಆ ಕಾಲದ ಕಾರಿನ ತಗಡು ಹೆಚ್ಚುಕಡಿಮೆ 1 ಮಿಲಿಮೀಟರ್ ಇತ್ತು. ಲೆಕ್ಕದ ಪ್ರಕಾರ ಮಾದರಿಯಲ್ಲಿ ಅದು 0.04 ಮಿ.ಮೀ. ಆಗಬೇಕು. ಅಷ್ಟು ತೆಳ್ಳಗೆ ಪ್ಲಾಸ್ಟಿಕ್ ಅಚ್ಚು ತೆಗೆಯಲಾಗದು. ಕಿಟ್‌ನ ಬಾಡಿ ಒಂದರಿಂದ ಒಂದೂವರೆ ಮಿ.ಮೀ. ದಪ್ಪವಿರುತ್ತದೆ. ಒಂದೂವರೆಯನ್ನು ತಿರುಗಿ 25ರಿಂದ ಗುಣಿಸಿ ನೋಡಿ, ಮೂರೂಮುಕ್ಕಾಲು ಸೆಂಟಿಮೀಟರ್. ಮನೆಯ ಮುಂಬಾಗಿಲಿನಷ್ಟು ದಪ್ಪದ ತಗಡಿನಲ್ಲಿ ಮಾಡಿದ ಕಾರು! ಬಣ್ಣ, ಕ್ರೋಮ್, ವೈರು, ಕಾರ್ಪೆಟ್ಟು ಎಲ್ಲದರದ್ದೂ ಇದೇ ಪಾಡು. ಹಳೆಯ ಕಾರು ಕಿಟ್ ಕಟ್ಟುವವರು ಡಿಟೇಲಿಂಗ್ ಎಂದು ಕರೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಈ ದಪ್ಪವನ್ನು ಕಣ್ಣಿಗೆ ಬೀಳದಂತೆ ಮಾಡುವುದೇ.

ಈ ಕಿಟ್‌ಗಳ ತವರು ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ. ವರ್ಷವರ್ಷವೂ ಹೊಸ ಕಾರು ಬಂದಾಗ ಷೋರೂಮಿನಲ್ಲಿ ಗಿರಾಕಿಗಳಿಗೆ ಕೊಡಲು ಕಾರು ಕಂಪನಿಗಳು 'ಪ್ರೊಮೋ' ಎಂಬ ಪುಟ್ಟ ಪ್ಲಾಸ್ಟಿಕ್ ಕಾರುಗಳನ್ನು ಮಾಡಿಸುತ್ತಿದ್ದವು. 1948ರಲ್ಲಿ ಶುರುವಾದ ಎಎಂಟಿ, ಅದರ ಪ್ರತಿಸ್ಪರ್ಧಿ ಜೋ-ಹ್ಯಾನ್ ಎರಡಕ್ಕೂ ಮೊದಲು ಅನ್ನ ಹಾಕಿದ್ದು ಈ ಪ್ರೊಮೋಗಳೇ. 1958ರಲ್ಲಿ ಎಎಂಟಿ ಅದೇ ಬಗೆಯ ಕಾರುಗಳನ್ನು ಜೋಡಿಸದೆ, ಬಿಡಿಭಾಗಗಳಾಗಿ ಡಬ್ಬದಲ್ಲಿಟ್ಟು '3 ಇನ್ 1' ಎಂದು ಮಾರಾಟಕ್ಕಿಟ್ಟಿತು. ಒಂದೇ ಡಬ್ಬದಿಂದ ಕಾರ್ಖಾನೆಯಿಂದ ಬಂದಂಥ ಕಾರನ್ನೋ, ಅಲಂಕರಿಸಿದ ಕಸ್ಟಮ್ ಕಾರನ್ನೋ, ರೇಸ್ ಕಾರನ್ನೋ ಕಟ್ಟಬಹುದಿತ್ತು. ಕಸ್ಟಮ್ ಭಾಗಗಳಿಗೆ ಜಾರ್ಜ್ ಬ್ಯಾರಿಸ್‌ನಂಥ ಹೆಸರಾಂತ ಕುಶಲಕರ್ಮಿಗಳ ಸಲಹೆಯೂ ಇತ್ತು. ಆ ರೆಕ್ಕೆ, ಆ ಬುಗುಟುಗಳನ್ನು ಡಬ್ಬದಲ್ಲೇ ಬಿಟ್ಟು ಕಾರನ್ನು ಇದ್ದ ಹಾಗೆ ಕಟ್ಟುವುದೇ ಚೆಂದ ಎಂಬುದು ನನ್ನ ಪಕ್ಷ.

ಪ್ರೊಮೋದ ವಂಶಕ್ಕೆ ಸೇರಿದ್ದರಿಂದ ಈ ಕಿಟ್‌ಗಳಿಗೆ ಒಂದು ಗುಣ, ಒಂದು ದೋಷ ಎರಡೂ ಹುಟ್ಟಿನಿಂದ ಬಂದಿವೆ. ಕಾರು ಕಂಪನಿಯ ನಕ್ಷೆಗಳನ್ನೇ ನೋಡಿ ಅಚ್ಚು ಮಾಡಿದ್ದರಿಂದ ಬಾಡಿಯ ಆಕಾರ ಬಹಳ ನಿಖರ. ಅಡಿಭಾಗ ಮಾತ್ರ ಆಟಿಕೆಯದ್ದು. ಮೊದಮೊದಲ ಕಿಟ್‌ಗಳಲ್ಲಿ ಎಂಜಿನ್ನೇ ಇರಲಿಲ್ಲ. ಆಮೇಲೆ ಬಂದ ಕೆಲವದರಲ್ಲಿ ಎಂಜಿನ್ನಿನ ಹೊಟ್ಟೆಯೊಳಗಿಂದಲೇ ಚಕ್ರದ ಕಬ್ಬಿಣದ ಕಡ್ಡಿ ತೂರಿ ಹೋಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಶ್ರಮವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬುದು ಗೊತ್ತಾಗುತ್ತದೆ.

ಕೊಳ್ಳುವಾಗ ಮೂರು ದಾರಿಗಳಿವೆ. ಎಎಂಟಿಯ ಹೆಸರು, ಅಚ್ಚುಗಳು ಕೈಯಿಂದ ಕೈಗೆ ದಾಟಿ ಈಗ ರೌಂಡ್ 2 ಎಂಬ ಕಂಪನಿಯ ಬಳಿ ಇವೆ. ಅದು ಹಲವು ಹಳೆಯ ಕಿಟ್‌ಗಳನ್ನು ಮರುಮುದ್ರಣದಂತೆ ಮತ್ತೆ ಹೊರತರುತ್ತಿದೆ. ಹೊಸಬರಿಗೆ ಅದೇ ಕ್ಷೇಮ. ಆದರೆ ವರ್ಷಕ್ಕೊಂದರಂತೆ ಬಂದ ಎಷ್ಟೋ ಕಿಟ್‌ಗಳ ಅಚ್ಚನ್ನು ಮರುವರ್ಷದ ಕಾರಿಗಾಗಿ ಕೊರೆದು ತಿದ್ದಿಬಿಟ್ಟರು. ಆ ಕಾರುಗಳು ಬೇಕೆಂದರೆ ಅರುವತ್ತು ವರ್ಷ ಹಳೆಯ ಡಬ್ಬವನ್ನೇ ಹುಡುಕಬೇಕು, ಅದಕ್ಕೆ ಕೈಸುಡುವ ಬೆಲೆ. ಮೂರನೆಯ ದಾರಿ, ಹಿಂದೆ ಯಾವನೋ ಹುಡುಗ ಕಟ್ಟಿ ಬಿಸಾಡಿದ ಕಾರು. ಅಂಟು ಸುರಿದು, ದಪ್ಪ ಬಣ್ಣ ಬಳಿದ ಇಂಥವನ್ನು ಹವ್ಯಾಸಿಗಳು 'ಗ್ಲೂ ಬಾಂಬ್' ಎನ್ನುತ್ತಾರೆ. ಇದನ್ನು ಕೆಲವು ಗಂಟೆ ಫ್ರೀಜರಿನಲ್ಲಿಟ್ಟು ತೆಗೆದರೆ ಹಳೆಯ ಅಂಟು ಪೆಡಸಾಗಿ, ಮೆಲ್ಲಗೆ ಮೀಟಿದಾಗ ಕೀಲುಗಳು ಪಟಪಟನೆ ಬಿಟ್ಟುಕೊಳ್ಳುವುದುಂಟು. ಬಣ್ಣ ಬಿಡಿಸಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಹಾಕಬೇಕು. ಥಿನ್ನರ್ ಸೋಕಿಸಿದರೆ ಬಣ್ಣದ ಜೊತೆ ಕಾರೂ ಕರಗುತ್ತದೆ. 1950ರ ದಶಕದ ಪ್ರೊಮೋಗಳನ್ನಂತೂ ಕಟ್ಟುವ ಆಸೆಯಿಂದ ಕೊಳ್ಳಬೇಡಿ. ಅವು ಸೆಲ್ಯುಲೋಸ್ ಅಸಿಟೇಟ್‌ನವು, ವರ್ಷ ಕಳೆದಂತೆ ಸೊಟ್ಟಗಾಗುತ್ತವೆ. ಆಮೇಲೆ ಬಂದ ಪಾಲಿಸ್ಟೈರೀನ್‌ಗೆ ಆ ರೋಗವಿಲ್ಲ.

ಡಬ್ಬ ತೆರೆದೊಡನೆ ಮೊದಲು ಟೈರುಗಳನ್ನು ಬೇರೆ ಚೀಲಕ್ಕೆ ಹಾಕಿ. ವಿನೈಲನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಮೆಲ್ಲಗೆ ಹೊರಬಂದು, ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಹಳೆಯ ಡಬ್ಬಗಳಲ್ಲಿ ಮುಂಗಾಜಿನ ಮೇಲೆ ಟೈರಿನ ಗುರುತು ಬರೆ ಎಳೆದಂತೆ ಕೂತಿರುವುದು ಈ ಕಾರಣಕ್ಕೆ. ಆಮೇಲೆ ಎಲ್ಲ ಭಾಗಗಳನ್ನೂ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಕೂರುವುದಿಲ್ಲ.

ಬಾಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಡ್‌ಗಾರ್ಡುಗಳ ಮೇಲೆ, ಮಾಡಿನ ಕಂಬಗಳ ಮೇಲೆ ಕೂದಲೆಳೆಯಂಥ ಏಣು ಕಾಣುತ್ತದೆ. ಅಚ್ಚಿನ ಹೋಳುಗಳು ಕೂಡಿದ ಗೆರೆ ಅದು. ಚಾಕುವಿನ ಬೆನ್ನಿನಿಂದ ಹೆರೆದು, 400, 600 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ ಅಳಿಸಬೇಕು. ಇನ್ನು ದಪ್ಪದ ವಿಚಾರ. ಇಡೀ ಬಾಡಿಯನ್ನು ತೆಳ್ಳಗೆ ಮಾಡಬೇಕಿಲ್ಲ, ಅಂಚು ತೆಳ್ಳಗಿದ್ದರೆ ಕಣ್ಣು ಉಳಿದದ್ದನ್ನೂ ತೆಳ್ಳಗೆಂದೇ ನಂಬುತ್ತದೆ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಅಂಚು, ಬಾನೆಟ್ಟಿನ ಸುತ್ತು, ಇಷ್ಟು ಸಾಕು. ಒಳಗಡೆಯಿಂದ ಓರೆಯಾಗಿ ಅರ ಹಾಕುತ್ತ ಬಂದು ಹೊರ ಅಂಚನ್ನು ಕಾಗದದಷ್ಟಕ್ಕೆ ಇಳಿಸಿ. ಬಾಗಿಲು, ಡಿಕ್ಕಿಗಳ ಸಂದುಗೆರೆಗಳನ್ನು ಈಗಲೇ ಸೂಜಿಮೊನೆಯಿಂದ ಒಂದಿಷ್ಟು ಆಳ ಮಾಡಿಕೊಳ್ಳಬೇಕು. ನಿಜವಾದ ಕಾರಿನಲ್ಲಿ 5 ಮಿ.ಮೀ. ಇರುವ ಸಂದು ಇಲ್ಲಿ 0.2 ಮಿ.ಮೀ.; ಪ್ರೈಮರ್, ಬಣ್ಣ, ವಾರ್ನಿಷ್ ಬಿದ್ದಮೇಲೆ ಅದು ಮುಚ್ಚಿಹೋಗುತ್ತದೆ.

ಬಣ್ಣದಲ್ಲಿ ನೆನಪಿಡಬೇಕಾದ ಕಟ್ಟಲೆ ಒಂದೇ: ಲ್ಯಾಕರ್ ಮೇಲೆ ಎನಾಮಲ್ ಹೊಡೆಯಬಹುದು, ಎನಾಮಲ್ ಮೇಲೆ ಲ್ಯಾಕರ್ ಕೂಡದು. ಲ್ಯಾಕರಿನ ಬಿರುಸು ಥಿನ್ನರ್ ಕೆಳಗಿನ ಎನಾಮಲನ್ನು ಎಬ್ಬಿಸಿ ಸುಕ್ಕು ಮಾಡುತ್ತದೆ. ಗ್ಯಾರೇಜಿನ ಲ್ಯಾಕರ್ ಬರಿಯ ಪ್ಲಾಸ್ಟಿಕ್ಕಿಗೆ ನೇರವಾಗಿ ಬಿದ್ದರೂ ಮೈಯೆಲ್ಲ ಸಣ್ಣ ಬಿರುಕು. ನಡುವೆ ಪ್ರೈಮರ್ ಬೇಕೇ ಬೇಕು. ಎಷ್ಟು ಹೊಡೆದರೂ ಒಮ್ಮೆಗೇ ಹೊಡೆಯದೆ, ಮಂಜಿನಂತೆ ತೆಳುವಾಗಿ ಹಲವು ಸಲ ಹೊಡೆಯಬೇಕು. ಮೆಟಾಲಿಕ್ ಬಣ್ಣದ ವಿಷಯದಲ್ಲಿ ಎಚ್ಚರ. ನಿಜವಾದ ಕಾರಿಗೆ ಹೊಡೆಯುವ ಡಬ್ಬದಲ್ಲಿರುವ ಮಿನುಗು ಪುಡಿ ಇಲ್ಲಿ ಇಪ್ಪತ್ತೈದು ಪಟ್ಟು ದೊಡ್ಡದಾಗಿ, ಕಾರಿಗೆ ಮರಳು ಎರಚಿದಂತೆ ಕಾಣುತ್ತದೆ. ಮಾಡೆಲ್‌ಗೆಂದೇ ಮಾಡಿದ ನುಣ್ಣನೆಯ ಮೆಟಾಲಿಕ್ ತೆಗೆದುಕೊಳ್ಳಿ, ಇಲ್ಲವೇ ಸಾದಾ ಬಣ್ಣ ಆರಿಸಿ. 1957ರ ಷೆವರ್ಲೆಗೆ ಸಾದಾ ಬಣ್ಣಗಳಿಗೇನೂ ಬರವಿರಲಿಲ್ಲ. ಕೆಳಗೆ ಟ್ರಾಪಿಕಲ್ ಟರ್ಕಾಯಿಸ್, ಮಾಡಿಗೆ ಕೆನೆಬಿಳಿಯ ಇಂಡಿಯಾ ಐವರಿ ಎಂಬ ಜೋಡಿ ಎಲ್ಲರ ಕಣ್ಣಲ್ಲೂ ಕೂತಿರುವಂಥದು.

ಮಲೆನಾಡು, ಕರಾವಳಿಯ ಓದುಗರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಬೇಗ ಆರುವ ಥಿನ್ನರ್ ಹಾರಿಹೋಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತುಕೊಳ್ಳುತ್ತದೆ. ಹೊಳಪಿನ ಬದಲು ಬಿಳಿಯ ಮಬ್ಬು ಸಿಗುತ್ತದೆ. ತಡೆಯಲಾಗದಿದ್ದರೆ ನಿಧಾನವಾಗಿ ಆರುವ ಥಿನ್ನರ್ ಬೆರೆಸಿ, ಮಳೆ ಹೊಳವಾದ ಮಧ್ಯಾಹ್ನ ನೋಡಿ ಹೊಡೆಯಿರಿ. ಯಾವ ಕಾಲವಾದರೂ ಕಿಟಕಿ ತೆರೆದಿರಲಿ, ಮುಖಕ್ಕೆ ರಾಸಾಯನಿಕದ ಆವಿ ತಡೆಯುವ ಮಾಸ್ಕ್ ಇರಲಿ. ಬಟ್ಟೆಯದ್ದು ಉಪಯೋಗಕ್ಕೆ ಬಾರದು.

ಈಗ ಕ್ರೋಮ್. 1957ರ ಕಾರೆಂದರೆ ಕ್ರೋಮ್ ತಾನೆ! ಕಿಟ್‌ನ ಬಂಪರು, ಗ್ರಿಲ್ಲುಗಳು ಹೊಳೆಯುತ್ತಲೇ ಬರುತ್ತವೆ. ಲ್ಯಾಕರ್ ಬಳಿದ ಪ್ಲಾಸ್ಟಿಕ್ಕಿನ ಮೇಲೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿ ಕೂರಿಸಿ ಮಾಡಿದ ಹೊಳಪು ಅದು. ಅದರ ಮೇಲೆ ಅಂಟು ಹಿಡಿಯದು, ಜೋಡಿಸುವ ಜಾಗದಲ್ಲಿ ಹೆರೆದು ತೆಗೆಯಬೇಕು. ಹೊಳಪು ಹಾಳಾಗಿದ್ದರೆ ಬಟ್ಟೆಯ ಬ್ಲೀಚಿನಲ್ಲಿ ಮುಳುಗಿಸಿದಾಗ ಅಲ್ಯೂಮಿನಿಯಂ ಕರಗಿ ಹೋಗುತ್ತದೆ. ಬೆಲ್ ಏರ್‌ನ ಗ್ರಿಲ್ಲಿನ ಜಾಲರಿ ಬಂಗಾರದ ಬಣ್ಣದ್ದು, ಕಿಟ್‌ನಲ್ಲಿ ಬೆಳ್ಳಿಯಂತಿರುತ್ತದೆ. ಚಿನ್ನದ ಪೇಂಟ್ ಬಳಿದರೆ ಮಣ್ಣುಮಣ್ಣಾಗುತ್ತದೆ. ಕ್ರೋಮಿನ ಮೇಲೆಯೇ ಪಾರದರ್ಶಕ ಹಳದಿಗೆ ಚೂರು ಕಿತ್ತಳೆ ಬೆರೆಸಿ ತೆಳ್ಳಗೆ ಎಳೆದರೆ ಅಡಿಯ ಹೊಳಪು ಹಳದಿಯಿಂದ ತೂರಿ ಬಂದು ಥೇಟ್ ಬಂಗಾರ.

ಬಾಡಿಯ ಮೇಲಿನ ಪಟ್ಟಿಗಳು, ಕಿಟಕಿಯ ಚೌಕಟ್ಟುಗಳು ಮಾತ್ರ ಬಾಡಿಯ ಜೊತೆಯಲ್ಲೇ ಅಚ್ಚಾಗಿರುತ್ತವೆ. ಅವುಗಳಿಗೆ ಬೆಳ್ಳಿ ಬಣ್ಣ ಹಚ್ಚಿದ ಕಾರು ದೂರದಿಂದಲೇ ಆಟಿಕೆ ಎಂದು ಹೇಳಿಬಿಡುತ್ತದೆ. ಇಲ್ಲಿ ಬೇಕಾದದ್ದು ಬೇರ್-ಮೆಟಲ್ ಫಾಯಿಲ್ ಎಂಬ, ಹಿಂಬದಿಗೆ ಅಂಟಿರುವ, ಉಸಿರಿಗೂ ಹಾರುವಷ್ಟು ತೆಳ್ಳನೆಯ ಲೋಹದ ಹಾಳೆ. ಬೇಕಾದ್ದಕ್ಕಿಂತ ಅಗಲವಾಗಿ ಕತ್ತರಿಸಿ, ಪಟ್ಟಿಯ ಮೇಲಿಟ್ಟು, ಹತ್ತಿಯ ಕಡ್ಡಿಯಿಂದ ತಿಕ್ಕಬೇಕು. ಹಾಳೆ ಪಟ್ಟಿಯ ಏರುತಗ್ಗಿಗೆ ಕಚ್ಚಿಕೊಂಡ ಮೇಲೆ ಹೊಸ ಬ್ಲೇಡಿನಿಂದ ಅಂಚಿನುದ್ದಕ್ಕೂ ಗೀರಿ ಉಳಿದದ್ದನ್ನು ಸುಲಿಯಬೇಕು. ಒತ್ತಬಾರದು, ಬ್ಲೇಡಿನ ಭಾರವೇ ಸಾಕು. ಮೊಂಡಾದ ಬ್ಲೇಡು ಹಾಳೆಯನ್ನು ಕೊಯ್ಯುವುದಿಲ್ಲ, ಎಳೆದು ಹರಿಯುತ್ತದೆ.

ಅಕ್ಷರಗಳದ್ದು ಇನ್ನೂ ಜಾಣ ಉಪಾಯ. ಬಾನೆಟ್ಟಿನ ಮೇಲಿನ 'ಷೆವರ್ಲೆ' ಎಂಬ ಬರಹ ಮಾದರಿಯಲ್ಲಿ ಅಕ್ಕಿಕಾಳಿನ ಎತ್ತರವೂ ಇಲ್ಲ. ಕುಂಚದಿಂದ ತೀಡುವುದು ಯಾರಿಗೂ ಆಗದ ಮಾತು. ಅದಕ್ಕೆ ಬಣ್ಣಕ್ಕಿಂತ ಮೊದಲೇ ಬರಹದ ಮೇಲೆ ಫಾಯಿಲ್ ಹಾಕಿ, ಟೂತ್‌ಪಿಕ್ಕಿನಿಂದ ತಿಕ್ಕಿ, ಅಕ್ಷರದ ಸುತ್ತ ಬಿಗಿಯಾಗಿ ಕತ್ತರಿಸಿಡುತ್ತಾರೆ. ಅದರ ಮೇಲೆಯೇ ಪ್ರೈಮರ್, ಬಣ್ಣ ಎಲ್ಲ. ಬಣ್ಣ ಆರಿದ ಮೇಲೆ ಅತಿ ನುಣುಪಿನ ಪೇಪರಿನಿಂದ ಅಕ್ಷರಗಳ ತಲೆಯನ್ನಷ್ಟೇ ಸವರಿದರೆ, ಅಲ್ಲಿನ ಬಣ್ಣ ಸವೆದು ಅಡಿಯ ಲೋಹ ಒಂದೊಂದೇ ಅಕ್ಷರವಾಗಿ ಎದ್ದು ಬರುತ್ತದೆ.

ಲೋಹ ಎಲ್ಲಿ ಮುಗಿದು ಬಣ್ಣ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಲಿಯಲು ನಿಜವಾದ ಹಳೆಯ ಕಾರುಗಳ ಮುಂದೆ ನಿಲ್ಲುವುದು ಉತ್ತಮ. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ ಪಯಣ ಎಂಬ ವಸ್ತುಸಂಗ್ರಹಾಲಯಗಳು ಎರಡೂ ಅದಕ್ಕೆ ಒದಗುತ್ತವೆ. ಇಡೀ ಕಾರಿನ ಫೋಟೊ ಎಲ್ಲರೂ ತೆಗೆಯುತ್ತಾರೆ. ನೀವು ಕಿಟಕಿಯ ರಬ್ಬರು, ಬಂಪರಿನ ಹಿಂಬದಿ, ಬಾಗಿಲ ಹಿಡಿಯ ಬುಡ ತೆಗೆಯಿರಿ.

ಎಂಜಿನ್ನಿಗೆ ಕಿಟ್ ಕೊಡುವುದು ಬ್ಲಾಕು, ಕಾರ್ಬ್ಯುರೇಟರು, ಫ್ಯಾನು. ವೈರುಗಳನ್ನು ಬಹುಪಾಲು ಹಳೆಯ ಕಿಟ್‌ಗಳು ಕೊಡುವುದಿಲ್ಲ. ನಿಜವಾದ ಪ್ಲಗ್ ವೈರಿನ ದಪ್ಪ ಸುಮಾರು 7 ಮಿ.ಮೀ.; 25ರಿಂದ ಭಾಗಿಸಿದರೆ 0.28. ಮನೆಯ ವಯರಿಂಗಿಗೆ ಬಳಸುವ 1 ಚದರ ಮಿ.ಮೀ.ಯ ಮೆತ್ತನೆಯ ವೈರನ್ನು ಸುಲಿದರೆ ಸಾಮಾನ್ಯವಾಗಿ ಒಳಗೆ 14 ತಾಮ್ರದ ಎಳೆಗಳಿರುತ್ತವೆ, ಒಂದೊಂದೂ 0.3 ಮಿ.ಮೀ. ವಿದೇಶದಿಂದ ಏನನ್ನೂ ತರಿಸಬೇಕಾಗಿಲ್ಲ. ಎಳೆಗೆ ಕಪ್ಪು ಬಣ್ಣ ಹಚ್ಚಿ. ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೈಡ್ರಿಲ್ಲಿನಿಂದ ಸುತ್ತಲೂ ಎಂಟು ರಂಧ್ರ, ನಡುವೆ ಕಾಯಿಲ್ ವೈರಿಗೆ ಇನ್ನೊಂದು ಕೊರೆಯಬೇಕು. ಮುಚ್ಚಳ ಚಿಕ್ಕದಾದ್ದರಿಂದ ಅದನ್ನು ಕಡ್ಡಿಗೆ ಅಂಟಿಸಿಕೊಂಡು ಹಿಡಿಯುವುದು ಮೇಲು.

ಆಮೇಲೆ ಯಾವ ವೈರು ಯಾವ ಪ್ಲಗ್ಗಿಗೆ? ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8ರಲ್ಲಿ ಕಿಡಿ ಹಾರುವ ಕ್ರಮ 1-8-4-3-6-5-7-2. ಚಾಲಕನ ಬದಿಯಲ್ಲಿ, ಅಂದರೆ ಎಡಕ್ಕೆ, ಮುಂದಿನಿಂದ ಹಿಂದಕ್ಕೆ 1, 3, 5, 7. ಬಲಕ್ಕೆ 2, 4, 6, 8. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಭಾಗದಲ್ಲಿದ್ದು, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಮೊದಲ ರಂಧ್ರದಿಂದ ಅದೇ ದಿಕ್ಕಿನಲ್ಲಿ ಎಣಿಸುತ್ತ ಈ ಕ್ರಮದಂತೆ ವೈರು ಎಳೆದರೆ ಮುಗಿಯಿತು. ಬಾನೆಟ್ ಎತ್ತಿ ನೋಡುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿದ ಮೆಕ್ಯಾನಿಕ್ ಒಬ್ಬ ಬಂದರೆ ಮೊದಲು ನೋಡುವುದೇ ಅದನ್ನು.

ಒಳಾಂಗಣದಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ, ಗಾಜು ಕೂತಮೇಲೆ ಅರ್ಧ ಕಾಣುವುದಿಲ್ಲ. ನೆಲಕ್ಕೆ ಹಸಿ ಬಣ್ಣದ ಮೇಲೆ ನೈಲಾನ್ ಪುಡಿ ಉದುರಿಸಿದರೆ ಕಾರ್ಪೆಟ್ಟಾಗುತ್ತದೆ. ಸೀಟಿಗೆ ಪೂರ್ತಿ ಹೊಳಪು ಬೇಡ. ಡ್ಯಾಶ್‌ಬೋರ್ಡಿನ ಮೀಟರುಗಳ ಮೇಲೆ ಒಂದೊಂದು ಹನಿ ಪಾರದರ್ಶಕ ವಾರ್ನಿಷ್ ಬಿಟ್ಟರೆ ಗಾಜು ಹಾಕಿದಂತೆಯೇ.

ಗಾಜು ಕೂರಿಸುವಾಗ ಸೂಪರ್ ಗ್ಲೂ ಹತ್ತಿರವೂ ಸುಳಿಯಬಾರದು. ಅದರ ಆವಿ ಗಾಜಿನ ಮೇಲೆ ಬಿಳಿಯ ಮಬ್ಬಾಗಿ ಕೂತರೆ ಪಾಲಿಶ್ ಮಾಡಿ ತೆಗೆಯುವುದು ದೊಡ್ಡ ರಗಳೆ. ಫೆವಿಕಾಲ್‌ನಂಥ ಬಿಳಿ ಅಂಟು ಸಾಕು; ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಉಳಿದ ಕಡೆಗಳಲ್ಲಿ ನೀರಿನಂಥ ತೆಳು ಸಿಮೆಂಟು. ಭಾಗಗಳನ್ನು ಕೂಡಿಸಿ ಹಿಡಿದು ಸಂದಿಗೆ ಕುಂಚ ಮುಟ್ಟಿಸಿದರೆ ಅದು ತಾನೇ ಒಳಗೆ ಹರಿದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ಆರುವವರೆಗೆ ಕಾರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕು ಚಕ್ರವೂ ತಾಗುತ್ತಿವೆಯೇ ಎಂದು ಕಾಗದದ ಚೂರು ತೂರಿಸಿ ನೋಡಬೇಕು. ಒಂದು ಚಕ್ರ ಎದ್ದಿದ್ದರೆ ಅಂಟು ಹಸಿ ಇರುವಾಗಲೇ ತಿದ್ದಿಕೊಳ್ಳಿ.

ಕೊನೆಗೆ ಸಂದುಗೆರೆಗಳಿಗೆ ಕಪ್ಪು ಹರಿಸಬೇಕು. ಬೂದು ಬೆರೆಸಿದ ಕಪ್ಪು ಎನಾಮಲನ್ನು ನೀರಿನಷ್ಟು ತೆಳ್ಳಗೆ ಮಾಡಿ, ಪೂರ್ತಿ ಆರಿದ ಲ್ಯಾಕರ್ ಮೈಮೇಲೆ ಸಣ್ಣ ಕುಂಚದಿಂದ ಸಂದಿಗೆ ಮುಟ್ಟಿಸಿದರೆ ಓಡಿಹೋಗಿ ತುಂಬಿಕೊಳ್ಳುತ್ತದೆ. ಬಾಡಿಗೆ ಎನಾಮಲ್ ಹೊಡೆದಿದ್ದವರು ಇದಕ್ಕೆ ನೀರಿನಲ್ಲಿ ಕರಗುವ ಬಣ್ಣ ಬಳಸಲಿ, ಇಲ್ಲದಿದ್ದರೆ ಥಿನ್ನರ್ ಅಡಿಯದನ್ನೂ ಕದಡುತ್ತದೆ. ಕಾರನ್ನು ಇಡುವ ಪ್ಲಾಸ್ಟಿಕ್ ಪೆಟ್ಟಿಗೆಯ ತಳವೂ ಬಹುಮಟ್ಟಿಗೆ ಪಾಲಿಸ್ಟೈರೀನೇ, ಟೈರಿನ ಎಣ್ಣೆ ಅದನ್ನೂ ಬಿಡುವುದಿಲ್ಲ. ಚಕ್ರಗಳ ಕೆಳಗೆ ತೆಳ್ಳನೆಯ ಗಾಜೊಂದನ್ನು ಕತ್ತರಿಸಿ ಹಾಕಿ, ರಿಮ್ಮಿಗೂ ಟೈರಿಗೂ ನಡುವೆ ಮೊದಲೇ ಒಂದು ಸುತ್ತು ಫಾಯಿಲ್ ಸುತ್ತಿರಿ.