ನಿಮಗಿದು ಗೊತ್ತೆ? ಯೋಧನ ಹೆಸರಲ್ಲಿ 300 ಬಸ್ಕಿ!

ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ‘ಮೆಮೋರಿಯಲ್ ಡೇ’. ಅಂದು ನಸುಕಿನಲ್ಲೇ ಪಾರ್ಕು, ಮೈದಾನಗಳಲ್ಲಿ ಗುಂಪುಗುಂಪಾಗಿ ಜನ ‘ಮರ್ಫ್’ ಎಂಬ ಕಸರತ್ತಿಗೆ ಇಳಿಯುತ್ತಾರೆ: ಒಂದು ಮೈಲಿ ಓಟ, 100 ಪುಲ್‌ಅಪ್, 200 ದಂಡ, 300 ಬಸ್ಕಿ, ಮತ್ತೆ ಒಂದು ಮೈಲಿ ಓಟ. ಇಷ್ಟು ಸಾಲದೆಂಬಂತೆ ಮೈಮೇಲೆ 9 ಕಿಲೋ ತೂಕದ ಜಾಕೆಟ್ ಬೇರೆ!

ಇದು ನೌಕಾಪಡೆಯ ಸೀಲ್ ಕಮಾಂಡೊ ಲೆಫ್ಟಿನೆಂಟ್ ಮೈಕಲ್ ಮರ್ಫಿಯ ಮೆಚ್ಚಿನ ಕಸರತ್ತು. ಆತ ಇದನ್ನು ‘ಬಾಡಿ ಆರ್ಮರ್’ ಎನ್ನುತ್ತಿದ್ದ. 2005ರ ಜೂನ್ 28ರಂದು ಆಫ್ಘಾನಿಸ್ತಾನದ ಕುನಾರ್ ಬೆಟ್ಟಗಳಲ್ಲಿ ಶತ್ರುಗಳು ಮುತ್ತಿದಾಗ, ಮರೆಯಲ್ಲಿ ಸಿಗ್ನಲ್ ಸಿಗದೆ, ಗುಂಡಿನ ಮಳೆಯಲ್ಲೇ ಬಯಲಿಗೆ ಬಂದು ನೆರವು ಕೋರಿದ. ಬದುಕಿ ಬರಲಿಲ್ಲ. ವಯಸ್ಸು 29. ಅದೇ ಆಗಸ್ಟ್‌ನಲ್ಲಿ ಕ್ರಾಸ್‌ಫಿಟ್ ಎಂಬ ವ್ಯಾಯಾಮ ಸಂಸ್ಥೆ ಈ ಕಸರತ್ತಿಗೆ ಆತನ ಹೆಸರಿಟ್ಟಿತು. 2007ರಲ್ಲಿ ಮರಣೋತ್ತರ ‘ಮೆಡಲ್ ಆಫ್ ಆನರ್’ ಸಂದಿತು.

2011ರಲ್ಲಿ ಶಾರ್ಲಟ್ ನಗರದಲ್ಲಿ ಹುಟ್ಟಿದ ‘ಎಫ್‌3’ ಎಂಬ ಗಂಡಸರ ವ್ಯಾಯಾಮ ಬಳಗದ ಹಲವು ಗುಂಪುಗಳಿಗೆ ಮರ್ಫ್ ವಾರ್ಷಿಕ ವ್ರತವೇ ಸರಿ. ಅಲ್ಲಿ ಶುಲ್ಕವಿಲ್ಲ, ಸೂರಿಲ್ಲ, ಮಳೆಯೆಂದು ರಜೆಯೂ ಇಲ್ಲ. ಹೆಚ್ಚಿನವರಿಗೆ ಕೈಕೊಡುವುದು ಪುಲ್‌ಅಪ್. ಅದಕ್ಕೇ ಅನೇಕರು 5, 10, 15ರ ಲೆಕ್ಕದಲ್ಲಿ 20 ಸುತ್ತು ಮಾಡಿ ಮುಗಿಸುತ್ತಾರೆ, ಜಾಕೆಟ್ಟನ್ನು ಮನೆಯಲ್ಲೇ ಬಿಟ್ಟು!